ಎಲ್ಫೋ ಡ್ವಾರ್ಫೋ: ರೋಲ್ ಪ್ಲೇಯಿಂಗ್ ಆಟಕ್ಕೆ ರೇಸ್ ಆರಿಸುವ ಬಗೆ

ರೋಲ್ ಪ್ಲೇಯಿಂಗ್ ಆಟ ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಎಸೆಯುತ್ತಾ ಒಂದು ಕಥೆ ಆಡುವುದು. ನಾನು ಆಡಿದ ಮೊದಲ ಪಾತ್ರ ಒಬ್ಬ ಡ್ರೌ. ನೆಲದಡಿಯ ಗುಹೆಗಳಲ್ಲಿ ಬದುಕುವ ಎಲ್ಫ್‌ಗಳ (ಚೂಪು ಕಿವಿಯ ಕಾಲ್ಪನಿಕ ಜನ) ಪೈಕಿ. ಬಿಳಿ ಕೂದಲು, ಕೈಯಲ್ಲಿ ಜೋಡಿ ಕತ್ತಿ, ಚಿತ್ರ ನೋಡಿಯೇ ಮರುಳಾಗಿದ್ದೆ. ಮಿಕ್ಕಿದ್ದನ್ನು ಸರಿಯಾಗಿ ಓದಲೇ ಇಲ್ಲ. ಆಟ ಶುರುವಾದ ಮೇಲೆ ನೋಡಿದರೆ ಕಥೆ ಪೂರ್ತಿ ಹಡಗಿನ ಮೇಲೆ, ಅದೂ ಮಟಮಟ ಮಧ್ಯಾಹ್ನ. ನಾವು ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ನಿಯಮ. ಅದರಲ್ಲಿ ಡ್ರೌಗೆ ಬಿಸಿಲು ಆಗಿಬರುವುದಿಲ್ಲ. ನೇರ ಬಿಸಿಲಿದ್ದರೆ ದಾಳಿಗೆ ಎರಡು ದಾಳ ಎಸೆದು, ಕಡಿಮೆ ಬಿದ್ದದ್ದನ್ನೇ ಇಟ್ಟುಕೊಳ್ಳಬೇಕು. 20 ಮುಖದ ದಾಳ ಒಂದನ್ನು ಎಸೆದರೆ ಸರಾಸರಿ 10.5. ಎರಡೆಸೆದು ಕಡಿಮೆಯದ್ದನ್ನು ಇಟ್ಟುಕೊಂಡರೆ ಅದು 7ರ ಆಸುಪಾಸಿಗೆ ಇಳಿಯುತ್ತದೆ. ನಾಲ್ಕು ವಾರ ನಾನು ಗಾಳಿಗೆ ಕತ್ತಿ ಬೀಸಿದೆ.

ರೇಸ್ (ಪಾತ್ರ ಎಲ್ಫೋ ಡ್ವಾರ್ಫೋ ಮನುಷ್ಯನೋ ಅನ್ನುವುದು) ಆರಿಸುವಾಗ ಹೊಸಬರು ಸಾಮಾನ್ಯವಾಗಿ ಚಿತ್ರ ನೋಡುತ್ತಾರೆ. ಸ್ವಲ್ಪ ಪಳಗಿದವರು ಅಂಕಿ, ಅಂದರೆ ಬಲ ಬುದ್ಧಿಗಳಿಗೆ ಎಷ್ಟು ಅಂಕ ಸೇರುತ್ತದೆ ಅನ್ನುವುದನ್ನು ನೋಡುತ್ತಾರೆ. ನನ್ನ ಪ್ರಕಾರ ಇವೆರಡಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ. ಈ ದೇಹ ಇಟ್ಟುಕೊಂಡು ಪ್ರತಿ ವಾರ ಆಟದಲ್ಲಿ ನಾನು ಏನು ಮಾಡುತ್ತೇನೆ, ಯಾವುದು ನನ್ನ ಕೈಲಿ ಆಗುವುದಿಲ್ಲ? ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕಲಿಕ್ಕೇ. ಅಂದಹಾಗೆ, ರೇಸ್‌ಗೆ ಕನ್ನಡದಲ್ಲಿ ಕುಲ ಅನ್ನಬಹುದು, ಜನಾಂಗ ಅನ್ನಬಹುದು. ಆಡುವವರ ಬಾಯಲ್ಲಿರುವುದು ರೇಸ್, ಹಾಗಾಗಿ ನಾನೂ ಅದನ್ನೇ ಬರೆಯುತ್ತೇನೆ.

ಹಂತ 1: ಯಾವ ನಿಯಮ ಅಂತ ಮೊದಲು ಕೇಳಿ

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಜಾಸ್ತಿ ಎಡವಟ್ಟಾಗುವುದು ಇಲ್ಲೇ. ಒಂದೇ ಹೆಸರಿನ ಆಟದಲ್ಲಿ ರೇಸ್ ಅನ್ನುವುದರ ಅರ್ಥವೇ ಹಲವು ಸಲ ಬದಲಾಗಿದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದಾಗ ಡ್ವಾರ್ಫ್ (ಗಿಡ್ಡ, ಗಟ್ಟಿಮೈಯ ಕುಲ) ಯೋಧ 6ನೇ ಲೆವೆಲ್ (ಪಾತ್ರ ಬೆಳೆಯುವ ಮೆಟ್ಟಿಲು) ದಾಟುವಂತಿರಲಿಲ್ಲ. ಮನುಷ್ಯನಿಗೆ ಅಂಥ ಮಿತಿ ಇರಲಿಲ್ಲ. 1981ರ ಬೇಸಿಕ್ ಪೆಟ್ಟಿಗೆಯಲ್ಲಿ ಇನ್ನೂ ವಿಚಿತ್ರ, ಅಲ್ಲಿ ಎಲ್ಫ್ ಅನ್ನುವುದೇ ಒಂದು ಕ್ಲಾಸ್, ಅಂದರೆ ಯೋಧ, ಕಳ್ಳ ಎಂಬಂತೆ ಪಾತ್ರದ ಕಸುಬು. ನೀವು ಎಲ್ಫ್ ಕಳ್ಳ ಅಥವಾ ಎಲ್ಫ್ ಪುರೋಹಿತ ಆಗಲು ಸಾಧ್ಯವಿಲ್ಲ, ಸುಮ್ನೆ ಎಲ್ಫ್ ಅಷ್ಟೇ. 2000ದಲ್ಲಿ ಬಂದ ಮೂರನೇ ಆವೃತ್ತಿ ಲೆವೆಲ್ ಮಿತಿಯನ್ನು ತೆಗೆದುಹಾಕಿತು. 2014ರ ಆವೃತ್ತಿಯ ಮುಖ್ಯ ಪುಸ್ತಕದಲ್ಲಿ 9 ರೇಸ್ ಇದ್ದವು. ಒಂದೊಂದಕ್ಕೂ ಕಟ್ಟಿಟ್ಟ ಅಂಕಿ ಇತ್ತು. ಎಲ್ಫ್ ಅಂದರೆ ಚುರುಕುತನ +2, ಹಾಫ್-ಆರ್ಕ್ (ಒರಟು ಮೈಯ ಆರ್ಕ್ ಮತ್ತು ಮನುಷ್ಯರ ಮಿಶ್ರ ಕುಲ) ಅಂದರೆ ಬಲ +2, ಹೀಗೆ. ಆ ಅಂಕಿಗಳನ್ನು ಬೇಕಾದ ಕಡೆ ಹಾಕಿಕೊಳ್ಳಬಹುದು ಅಂತ 2020ರಲ್ಲಿ ಒಂದು ಐಚ್ಛಿಕ ನಿಯಮ ಬಂತು. 2024ರ ಪುಸ್ತಕದಲ್ಲಿ ರೇಸ್ ಎಂಬ ಪದವೇ ಹೋಗಿ ಸ್ಪೀಷೀಸ್ ಆಗಿದೆ. ಅಂಕಿ ಸಿಗುವುದು ಈಗ ಪಾತ್ರದ ಹಿನ್ನೆಲೆಯಿಂದ, ಅಂದರೆ ಅವನು ಮೊದಲು ಸೈನಿಕನಾಗಿದ್ದನೋ ವಿದ್ವಾಂಸನಾಗಿದ್ದನೋ ಎಂಬುದರಿಂದ. ಹಾಫ್-ಎಲ್ಫ್ ಮತ್ತು ಹಾಫ್-ಆರ್ಕ್ ಅದರ ಪಟ್ಟಿಯಲ್ಲಿಲ್ಲ. ಆರ್ಕ್, ದೈತ್ಯರ ವಂಶದ ಗೋಲಿಯತ್, ದೇವಲೋಕದ ಅಂಶವಿರುವ ಆಸಿಮಾರ್ ಒಳಗೆ ಬಂದಿದ್ದಾರೆ.

ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ ಎರಡನೇ ಆವೃತ್ತಿ 2019ರದ್ದು. ಅಲ್ಲಿ ಇದಕ್ಕೆ ಆನ್ಸೆಸ್ಟ್ರಿ ಅನ್ನುತ್ತಾರೆ. ಅಲ್ಲಿ ಹಿಟ್ ಪಾಯಿಂಟ್ (ಪಾತ್ರ ಎಷ್ಟು ಹೊಡೆತ ತಡೆಯಬಲ್ಲದು ಎಂಬ ಲೆಕ್ಕ) ಕೂಡ ಆನ್ಸೆಸ್ಟ್ರಿಯಿಂದ ಬರುತ್ತದೆ. ಡ್ವಾರ್ಫ್‌ಗೆ 10, ಮನುಷ್ಯನಿಗೆ 8, ಎಲ್ಫ್‌ಗೆ 6. ಮಾಂತ್ರಿಕನ ಕ್ಲಾಸ್ ಕೊಡುವುದು ಬರೀ 6 ಆದ್ದರಿಂದ ಮೊದಲ ಲೆವೆಲ್‌ನಲ್ಲಿ ಡ್ವಾರ್ಫ್ ಮಾಂತ್ರಿಕ 16ರಿಂದ, ಎಲ್ಫ್ ಮಾಂತ್ರಿಕ 12ರಿಂದ ಶುರು ಮಾಡುತ್ತಾರೆ. ಮೈಕಟ್ಟಿನ ಲೆಕ್ಕ ಆಮೇಲೆ ಸೇರುತ್ತದೆ, ಅಲ್ಲೂ ಎಲ್ಫ್‌ಗೆ ಕಡಿತವೇ. ಜೊತೆಗೆ 1, 5, 9, 13, 17ನೇ ಲೆವೆಲ್‌ಗಳಲ್ಲಿ ಆನ್ಸೆಸ್ಟ್ರಿಯ ಹೊಸ ವಿದ್ಯೆ ಒಂದೊಂದು ಸಿಗುತ್ತದೆ. ಹಾಗಾಗಿ ಅಲ್ಲಿ ಮಾಡಿದ ಆಯ್ಕೆ ಆಟದ ಕೊನೆಯವರೆಗೂ ಬೆಳೆಯುತ್ತಲೇ ಇರುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನೆಟ್‌ನಲ್ಲಿ ಸಿಗುವ "ಅತ್ಯುತ್ತಮ 10 ರೇಸ್" ಪಟ್ಟಿ ಯಾವ ವರ್ಷದ ನಿಯಮಕ್ಕೆ ಬರೆದದ್ದು ಅಂತ ನೋಡದೆ ನಂಬಬೇಡಿ. 2016ರಲ್ಲಿ ಸರಿಯಾಗಿದ್ದ ಸಲಹೆ 2024ರ ಪುಸ್ತಕಕ್ಕೆ ಹೊಂದುವುದಿಲ್ಲ.

ಹಂತ 2: ಡಿಎಂ ಜೊತೆ ಹತ್ತು ನಿಮಿಷ ಮಾತಾಡಿ

ಡಿಎಂ ಅಂದರೆ ಕಥೆ ನಡೆಸುವವರು. ಅವರ ಗುಟ್ಟು ಕೆದಕಬೇಕಿಲ್ಲ. ಕಥೆ ಹೆಚ್ಚಾಗಿ ಎಲ್ಲಿ ನಡೆಯುತ್ತದೆ ಅಂತ ಕೇಳಿ: ಬಯಲಲ್ಲೋ, ಗುಹೆಯಲ್ಲೋ, ನಗರದಲ್ಲೋ. ನಾನು ಈ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಆ ಲೋಕದಲ್ಲಿ ಯಾವ ರೇಸ್ ಇಲ್ಲವೇ ಇಲ್ಲ, ಯಾವುದನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ ಅಂತಲೂ ತಿಳಿದುಕೊಳ್ಳಿ. ಆಟ ಎಷ್ಟು ಲೆವೆಲ್‌ವರೆಗೆ ಹೋಗಬಹುದು ಅನ್ನುವುದೂ ಬೇಕು. 5ನೇ ಲೆವೆಲ್‌ನಲ್ಲಿ ಸಿಗುವ ಶಕ್ತಿಯ ಆಸೆಗೆ ಒಂದು ರೇಸ್ ಹಿಡಿದು, ಆಟ 3ನೇ ಲೆವೆಲ್‌ಗೇ ಮುಗಿದರೆ ಏನು ಬಂತು?

ಹಾರುವ ರೇಸ್ ಬೇಕಿದ್ದರೆ ಅದನ್ನಂತೂ ಮೊದಲೇ ಕೇಳಿಬಿಡಿ. 2015ರಲ್ಲಿ ಬಂದ ಆರಾಕೋಕ್ರಾ ಎಂಬ ಹಕ್ಕಿ ಮನುಷ್ಯರು ಮೊದಲ ಲೆವೆಲ್‌ನಿಂದಲೇ ಒಂದು ಸರದಿಗೆ 50 ಅಡಿ ಹಾರುತ್ತಿದ್ದರು. ಡಿಎಂ ಕಷ್ಟಪಟ್ಟು ಮಾಡಿಟ್ಟ ಕಂದಕ, ಗೋಡೆ, ಕಾವಲು ಎಲ್ಲವೂ ಒಂದು ರೆಕ್ಕೆ ಬಡಿತಕ್ಕೆ ಮುಗಿದುಹೋಗುತ್ತವೆ. ಎಷ್ಟೋ ಡಿಎಂಗಳು ಇದನ್ನು ಬಿಡುವುದಿಲ್ಲ. ಅವರ ಮೇಲೆ ಸಿಟ್ಟಾಗಬೇಡಿ, ಅವರ ಕಷ್ಟ ಅವರಿಗೆ.

ಹಂತ 3: ಕೆಲಸ ಯಾವುದು ಅಂತ ತೀರ್ಮಾನಿಸಿ

ಮೊದಲು ಕ್ಲಾಸ್, ಆಮೇಲೆ ರೇಸ್. ಹೊಸಬರಿಗೆ ಈ ಕ್ರಮವೇ ಸುಲಭ. ಮುಂದೆ ನಿಂತು ಹೊಡೆತ ತಿನ್ನುತ್ತೀರೋ, ಹಿಂದೆ ನಿಂತು ಮಂತ್ರ ಹಾಕುತ್ತೀರೋ, ಬೀಗ ಒಡೆಯುತ್ತೀರೋ, ಮಾತಿನಲ್ಲೇ ಕೆಲಸ ಸಾಧಿಸುತ್ತೀರೋ ಅಂತ ಗೊತ್ತಾದರೆ ಅರ್ಧ ಪಟ್ಟಿ ತಾನಾಗಿಯೇ ಖಾಲಿಯಾಗುತ್ತದೆ. ಆದರೆ "ನನಗೆ ಡ್ರ್ಯಾಗನ್‌ಬಾರ್ನ್ ಆಗಲೇಬೇಕು, ಬಾಯಿಂದ ಬೆಂಕಿ ಉಗುಳಲೇಬೇಕು" ಅಂತ ಹಟವಿದ್ದರೆ ಕ್ರಮ ತಿರುಗಿಸಿ. ಅಂಥ ಹಟ ಇರುವವರು ಆಟವನ್ನು ಮಧ್ಯದಲ್ಲಿ ಬಿಟ್ಟುಹೋಗುವುದು ಕಡಿಮೆ.

ಹಂತ 4: ಅಂಕಿಯ ಭಯ ಬಿಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತರಹದ ಆಟದಲ್ಲಿ ಬಲ, ಬುದ್ಧಿ ಮುಂತಾದ ಗುಣಗಳಿಗೆ 10 ಅನ್ನುವುದು ಸಾಧಾರಣ ಮಟ್ಟ. ಅದಕ್ಕಿಂತ 2 ಹೆಚ್ಚಾದಾಗಲೆಲ್ಲ ದಾಳಕ್ಕೆ +1 ಸೇರುತ್ತದೆ. 14 ಇದ್ದರೆ +2, 16 ಇದ್ದರೆ +3. ನಿಮ್ಮ ಕ್ಲಾಸ್‌ಗೆ ಹೊಂದದ ರೇಸ್ ತೆಗೆದುಕೊಂಡರೆ ಕಳೆದುಕೊಳ್ಳುವುದು ಸಾಮಾನ್ಯವಾಗಿ ಈ ಒಂದು +1. 20 ಮುಖದ ದಾಳದಲ್ಲಿ ಅದರ ಬೆಲೆ 5%. ಒಂದು ಸಂಜೆಯಲ್ಲಿ 20 ಸಲ ದಾಳ ಎಸೆದರೆ, ಸರಾಸರಿ ಒಂದೇ ಒಂದು ಸಲ ಅದರಿಂದ ಫಲಿತಾಂಶ ಬದಲಾಗುತ್ತದೆ. ಅದಕ್ಕೋಸ್ಕರ ಇಷ್ಟವಿಲ್ಲದ ಪಾತ್ರವನ್ನು ಆರು ತಿಂಗಳು ಹೊತ್ತು ತಿರುಗಬೇಕಾ? ನನಗಂತೂ ಬೇಡ. ಲೆವೆಲ್ ಏರಿದಂತೆ ಆ ಕೊರತೆ ತುಂಬಿಕೊಳ್ಳಲು ದಾರಿಯೂ ಇದೆ.

ಆದರೂ ಒಂದು ಮಾತು. ನಿಮ್ಮ ಮುಖ್ಯ ಗುಣ 14ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಬುದ್ಧಿ 10 ಇರುವ ಮಾಂತ್ರಿಕ ಒಂದು ಸಂಜೆ ತಮಾಷೆ. ಎರಡನೇ ಸಂಜೆಗೆ ಅವನು ಉಳಿದವರಿಗೆ ಹೊರೆ.

ಹಂತ 5: ಗುಣಗಳನ್ನು ನಿಧಾನವಾಗಿ ಓದಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುತ್ತೀರಾದರೆ ಇದನ್ನು ಇಟ್ಟುಕೊಳ್ಳಿ. ರೇಸ್‌ನ ವಿವರದಲ್ಲಿ ಅಂಕಿ ಮುಗಿದ ಮೇಲೆ ನಾಲ್ಕೈದು ಸಾಲು ಬರುತ್ತವಲ್ಲ, ಆಟ ಇರುವುದು ಅಲ್ಲಿ. ಒಂದೊಂದು ಸಾಲಿಗೂ ಕೇಳಿಕೊಳ್ಳಿ: ಇದು ಸದಾ ಕೆಲಸ ಮಾಡುತ್ತದಾ, ದಿನಕ್ಕೊಂದು ಸಲ ಮಾತ್ರವಾ, ಅಥವಾ ಅಪರೂಪದ ಸಂದರ್ಭಕ್ಕೆ ಕಾಯುತ್ತಾ ಕೂರುತ್ತದಾ?

ಹಾಫ್ಲಿಂಗ್ ಎಂಬ ಕುಳ್ಳ ಕುಲದ ಅದೃಷ್ಟವನ್ನು ನೋಡಿ. 2014ರ ನಿಯಮದಲ್ಲಿ ದಾಳಿ, ಪರೀಕ್ಷೆ ಅಥವಾ ಪಾರಾಗುವ ಎಸೆತದಲ್ಲಿ 1 ಬಿದ್ದರೆ ಇನ್ನೊಮ್ಮೆ ಎಸೆಯಬಹುದು. ಸರಾಸರಿಗೆ ಇದರಿಂದ ಅರ್ಧ ಅಂಕವೂ ಸೇರುವುದಿಲ್ಲ. ಆದರೆ 1 ಬೀಳುವ ಸಾಧ್ಯತೆ 20ಕ್ಕೆ ಒಂದರಿಂದ 400ಕ್ಕೆ ಒಂದಕ್ಕೆ ಇಳಿಯುತ್ತದೆ. ಸಂಜೆಯೆಲ್ಲ ಕೆಲಸ ಮಾಡುವ ಗುಣ ಇದು. ಕೆಟ್ಟ ಎಸೆತಕ್ಕೆ ತಲೆ ಚಚ್ಚಿಕೊಳ್ಳುವ ಸ್ವಭಾವ ನಿಮ್ಮದಾಗಿದ್ದರೆ ಹಾಫ್ಲಿಂಗ್ ನಿಮಗೇ ಹೇಳಿ ಮಾಡಿಸಿದ್ದು. ಎತ್ತರ ಮೂರಡಿ ಚಿಲ್ಲರೆ, ಹಾಗಾಗಿ ಆ ನಿಯಮದಲ್ಲಿ ದೊಡ್ಡ ಭಾರದ ಆಯುಧ ಹಿಡಿದರೆ ಡ್ರೌಗೆ ಬಿಸಿಲಲ್ಲಿ ಆದ ಗತಿಯೇ ಇವರಿಗೂ. ಅದರ ಬದಲಿಗೆ ದೊಡ್ಡ ನಾಯಿಯ ಮೇಲೆ ಸವಾರಿ ಮಾಡಬಹುದು. ನನಗೆ ಕೇಳಿದರೆ ವ್ಯಾಪಾರ ಲಾಭದ್ದೇ.

ಹಾಫ್-ಆರ್ಕ್‌ಗೆ ಹಿಟ್ ಪಾಯಿಂಟ್ ಸೊನ್ನೆಗೆ ಇಳಿದಾಗ ಬೀಳುವ ಬದಲು 1 ಉಳಿಸಿಕೊಂಡು ನಿಲ್ಲುವ ಶಕ್ತಿ ಇದೆ. ಎರಡು ದೀರ್ಘ ವಿಶ್ರಾಂತಿಗಳ ನಡುವೆ ಒಂದೇ ಸಲ, ಆದರೆ ಆ ಒಂದು ಸಲ ಇಡೀ ಹೊಡೆದಾಟದ ದಿಕ್ಕು ತಿರುಗಬಹುದು. ಬೆಟ್ಟದ ತಪ್ಪಲಿನ ಡ್ವಾರ್ಫ್‌ಗೆ ಪ್ರತಿ ಲೆವೆಲ್‌ಗೆ ಒಂದೊಂದು ಹಿಟ್ ಪಾಯಿಂಟ್ ಹೆಚ್ಚುವರಿ. ಸದ್ದಿಲ್ಲದ ಗುಣ, 10ನೇ ಲೆವೆಲ್‌ಗೆ ಬಂದಾಗ 10 ಪಾಯಿಂಟ್ ಕೂಡಿರುತ್ತದೆ. ಜೊತೆಗೆ ವಿಷ ಅಷ್ಟಾಗಿ ತಾಗುವುದಿಲ್ಲ. ಎಲ್ಫ್ ನಿದ್ದೆ ಮಾಡುವುದಿಲ್ಲ, 4 ಗಂಟೆ ಧ್ಯಾನ ಸಾಕು. ಪುಸ್ತಕದಲ್ಲಿ ಓದುವಾಗ ಇದು ಬರೀ ಅಲಂಕಾರ ಅನ್ನಿಸುತ್ತದೆ. ಕಾಡಲ್ಲಿ ಬಿಡಾರ ಹೂಡಿ, ರಾತ್ರಿ ಕಾವಲು ಯಾರು ಅಂತ ಡಿಎಂ ಕೇಳಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಈಗ ಕತ್ತಲಲ್ಲಿ ಕಾಣುವ ಶಕ್ತಿ, ಡಾರ್ಕ್‌ವಿಷನ್. ಎಲ್ಲರೂ ಹಂಬಲಿಸುವುದು ಇದಕ್ಕೇ. ಎಲ್ಲರೂ ತಪ್ಪಾಗಿ ಆಡುವುದೂ ಇದನ್ನೇ. 2014ರ ನಿಯಮದಲ್ಲಿ ಎಲ್ಫ್, ಡ್ವಾರ್ಫ್, ಗಿಡ್ಡ ನೋಮ್, ಹಾಫ್-ಆರ್ಕ್, ಕೊಂಬಿನ ಟೀಫ್ಲಿಂಗ್ ಇವರಿಗೆಲ್ಲ ಕನಿಷ್ಠ 60 ಅಡಿ ದೂರದವರೆಗೆ ಇದೆ. ಮನುಷ್ಯ, ಹಾಫ್ಲಿಂಗ್, ಡ್ರ್ಯಾಗನ್‌ಬಾರ್ನ್‌ಗೆ ಇಲ್ಲ. ಆದರೆ ಇದ್ದವರಿಗೂ ಕತ್ತಲು ಹಗಲಾಗುವುದಿಲ್ಲ, ಮಬ್ಬು ಬೆಳಕಿನಂತೆ ಕಾಣುತ್ತದೆ ಅಷ್ಟೇ. ಬಣ್ಣ ತಿಳಿಯುವುದಿಲ್ಲ. ಮಬ್ಬಿನಲ್ಲಿ ಕಣ್ಣಿಟ್ಟು ಏನಾದರೂ ಹುಡುಕಬೇಕೆಂದರೆ ಮತ್ತೆ ಎರಡು ದಾಳದಲ್ಲಿ ಕಡಿಮೆಯದ್ದೇ ಗತಿ. ಅಂದರೆ ದೀಪವಿಲ್ಲದೆ ಗುಹೆಗೆ ನುಗ್ಗುವ ಎಲ್ಫ್‌ಗಳ ಗುಂಪು ನೆಲದಲ್ಲಿರುವ ಬಲೆಯನ್ನು ಕಾಣದೆ ಹೋಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಇದನ್ನು ಗೊತ್ತಿಟ್ಟುಕೊಂಡು ಆಡುವ ಗುಂಪುಗಳನ್ನು ನಾನು ಕಂಡದ್ದು ಕಡಿಮೆ. ಹಾಗಾಗಿ ಡಾರ್ಕ್‌ವಿಷನ್ ಇಲ್ಲ ಎಂಬ ಒಂದೇ ಕಾರಣಕ್ಕೆ ಮನುಷ್ಯನನ್ನು ಕೈಬಿಡಬೇಡಿ.

ಮನುಷ್ಯ ಅಂದರೆ ಬೋರು ಅನ್ನುವವರಿದ್ದಾರೆ. ಇರಲಿ. 2014ರ ಪರ್ಯಾಯ ನಿಯಮದ ಮನುಷ್ಯನಿಗೆ ಮೊದಲ ಲೆವೆಲ್‌ಗೇ ಒಂದು ಫೀಟ್ (ವಿಶೇಷ ಸಾಮರ್ಥ್ಯ) ಸಿಗುತ್ತಿತ್ತು. ಉಳಿದವರು ಅದಕ್ಕೆ 4ನೇ ಲೆವೆಲ್‌ವರೆಗೆ ಕಾಯಬೇಕಿತ್ತು. ಲೆಕ್ಕ ಬಲ್ಲವರು ಸದ್ದಿಲ್ಲದೆ ಮನುಷ್ಯನನ್ನೇ ಆರಿಸಿಕೊಳ್ಳುತ್ತಿದ್ದರು. 2024ರಲ್ಲೂ ಮನುಷ್ಯನಿಗೆ ಹೆಚ್ಚುವರಿ ಫೀಟ್ ಮತ್ತು ಒಂದು ಕೌಶಲ ಇವೆ. ಮೊದಲ ಸಲ ಆಡುವವರಿಗೆ ಇನ್ನೊಂದು ಅನುಕೂಲ, ನೆನಪಿಡಬೇಕಾದ ವಿಶೇಷ ನಿಯಮಗಳು ತೀರಾ ಕಡಿಮೆ.

ಹಂತ 6: ಪಾರ್ಟಿಯಲ್ಲಿ (ನಿಮ್ಮ ಗುಂಪಿನಲ್ಲಿ) ಯಾರ್ಯಾರಿದ್ದಾರೆ ನೋಡಿ

ಎಲ್ಲರೂ ಒಂದೇ ರೇಸ್ ಆಗಬಾರದು ಅಂತೇನಿಲ್ಲ. ಐದು ಡ್ವಾರ್ಫ್‌ಗಳ ಗುಂಪು ಒಂದು ಒಳ್ಳೆಯ ಕಥೆಗೆ ಸಾಕು. ನೋಡಬೇಕಾದದ್ದು ಹೊಂದಾಣಿಕೆ ಮಾತ್ರ. ನಾಲ್ವರಿಗೆ ಕತ್ತಲಲ್ಲಿ ಕಾಣುತ್ತದೆ, ಐದನೆಯವರು ಪಂಜು ಹಿಡಿದರೆ ದೂರದ ಶತ್ರುವಿಗೆ ಎಲ್ಲರೂ ಕಾಣುತ್ತಾರೆ. ಎಲ್ಲರೂ ಹಾರಿ ಅತ್ತ ಹೋದರೆ ನಡೆಯುವವನೊಬ್ಬ ಇತ್ತಲೇ ಉಳಿಯುತ್ತಾನೆ. ಇಂಥದ್ದನ್ನು ಮೊದಲ ದಿನವೇ ಒಟ್ಟಿಗೆ ಕೂತು ಮಾತಾಡಿಕೊಂಡರೆ ಮುಗಿಯಿತು.

ಹಂತ 7: ಊರವರು ಹೇಗೆ ನೋಡುತ್ತಾರೆ?

ಟೀಫ್ಲಿಂಗ್‌ಗೆ ಕೊಂಬಿದೆ, ಬಾಲವಿದೆ. ಹಳ್ಳಿಗೆ ಕಾಲಿಟ್ಟ ಕೂಡಲೇ ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಾರೆ. ಇದನ್ನು ಪ್ರತಿ ವಾರ ಆಡಲು ನಿಮಗೆ ಮನಸ್ಸಿದೆಯಾ? ಕೆಲವರಿಗೆ ಅದೇ ಇಷ್ಟ. ದಿನವಿಡೀ ದುಡಿದು ಬಂದು ಇಲ್ಲೂ ಬೈಸಿಕೊಳ್ಳಬೇಕಾ ಅನ್ನುವವರೂ ಇದ್ದಾರೆ. ಎರಡೂ ನ್ಯಾಯವೇ. ಬೇಡ ಅನ್ನಿಸಿದರೆ ಡಿಎಂಗೆ ನೇರವಾಗಿ ಹೇಳಿ.

ವಯಸ್ಸನ್ನೂ ಮರೆಯಬೇಡಿ, ಪಾತ್ರ ಕಟ್ಟಲು ಅದರಷ್ಟು ಒಳ್ಳೆಯ ಎಳೆ ಬೇರೆ ಸಿಗುವುದಿಲ್ಲ. 2014ರ ಪುಸ್ತಕದ ಪ್ರಕಾರ ಎಲ್ಫ್ ದೊಡ್ಡವನಾದ ಅಂತ ಹೇಳಿಕೊಳ್ಳುವುದು 100 ವರ್ಷದ ಹೊತ್ತಿಗೆ, ಬದುಕುವುದು 750ರವರೆಗೆ. ಡ್ವಾರ್ಫ್‌ಗೆ 50 ಆಗುವವರೆಗೂ ಹುಡುಗ ಅನ್ನುತ್ತಾರೆ, ಆಯಸ್ಸು ಸುಮಾರು 350. ಹಾಫ್-ಆರ್ಕ್ 75 ದಾಟುವುದು ಅಪರೂಪ. ಹಾಗಾದರೆ 120 ವರ್ಷದ ನಿಮ್ಮ ಎಲ್ಫ್ ಇನ್ನೂ ಮೊದಲ ಲೆವೆಲ್‌ನಲ್ಲಿದ್ದಾನೆ ಅಂದರೆ ಇಷ್ಟು ದಿನ ಏನು ಮಾಡುತ್ತಿದ್ದ? ಪಕ್ಕದಲ್ಲಿ ನಿಂತ ಹಾಫ್-ಆರ್ಕ್ ಗೆಳೆಯ ಮುದುಕನಾಗಿ ಹೋಗುವುದನ್ನು ಅವನು ಕಣ್ಣಾರೆ ನೋಡುತ್ತಾನೆ. ಇಷ್ಟಿದ್ದರೆ ಹತ್ತು ಪುಟದ ಹಿನ್ನೆಲೆ ಕಥೆ ಬರೆಯುವ ಅಗತ್ಯವೇ ಇಲ್ಲ.

ಡ್ವಾರ್ಫ್ ಅಂದರೆ ಕುಡುಕ, ಎಲ್ಫ್ ಅಂದರೆ ಸೊಕ್ಕಿನವ, ಆರ್ಕ್ ಅಂದರೆ ದಡ್ಡ ಎಂಬ ಸಿದ್ಧ ಅಚ್ಚಿನಲ್ಲಿ ಶುರು ಮಾಡಿದರೂ ತೊಂದರೆಯಿಲ್ಲ. ಮೂರನೇ ವಾರಕ್ಕೂ ಅಲ್ಲೇ ಇದ್ದರೆ ಮಾತ್ರ ಎದುರಿಗೆ ಕೂತವರು ಆಕಳಿಸುತ್ತಾರೆ.

ಕಂಪ್ಯೂಟರ್ ಆಟದಲ್ಲಾದರೆ

ಇಲ್ಲಿ ಬೇಡಿಕೊಳ್ಳಲು ಡಿಎಂ ಇರುವುದಿಲ್ಲ. ಹಾಗಾಗಿ ಮೊದಲು ತಿಳಿಯಬೇಕಾದದ್ದು, ಆಮೇಲೆ ಬದಲಾಯಿಸಬಹುದಾ ಅಂತ. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ವಿದರ್ಸ್ ಎಂಬ ಅಸ್ಥಿಪಂಜರದಂಥವನಿಗೆ 100 ಚಿನ್ನದ ನಾಣ್ಯ ಕೊಟ್ಟರೆ ಕ್ಲಾಸ್ ಬದಲಾಯಿಸಿಕೊಡುತ್ತಾನೆ. ರೇಸ್ ಮಾತ್ರ ಬದಲಾಯಿಸುವುದಿಲ್ಲ. ಅಲ್ಲಿ +2, +1 ಅಂಕಿಗಳನ್ನು ಬೇಕಾದ ಗುಣಕ್ಕೆ ಹಾಕಬಹುದಾದ್ದರಿಂದ ಲೆಕ್ಕದ ಚಿಂತೆ ಇಲ್ಲ. ಗಿತ್‌ಯಾಂಕಿ ಎಂಬ ಬೇರೆ ಲೋಕದ ಕುಲದವರು ಅಥವಾ ಡ್ರೌ ಆಗಿದ್ದರೆ ಕೆಲವು ಕಡೆ ಮಾತುಕತೆಯೇ ಬೇರೆ ದಾರಿ ಹಿಡಿಯುತ್ತದೆ.

2011ರ ಸ್ಕೈರಿಮ್‌ನಲ್ಲಿ 10 ರೇಸ್ ಇವೆ. ಶುರುವಿನಲ್ಲಿ ಒಂದು ಕೌಶಲಕ್ಕೆ 10, ಐದು ಕೌಶಲಕ್ಕೆ 5 ಅಂಕ ಹೆಚ್ಚಿಗೆ ಸಿಗುತ್ತವೆ. ಆಡುತ್ತಾ ಯಾವ ಕೌಶಲವನ್ನಾದರೂ 100ಕ್ಕೆ ಒಯ್ಯಬಹುದಾದ್ದರಿಂದ ಈ ವ್ಯತ್ಯಾಸ ಬೇಗ ಕರಗಿಹೋಗುತ್ತದೆ. ಉಳಿಯುವುದು ಬ್ರೆಟನ್‌ಗೆ ಮಂತ್ರದಿಂದ 25% ರಕ್ಷಣೆ, ನಾರ್ಡ್‌ಗೆ ಚಳಿಯ ಹೊಡೆತದಿಂದ 50% ರಕ್ಷಣೆ, ಹಲ್ಲಿಯಂಥ ಆರ್ಗೋನಿಯನ್‌ಗೆ ನೀರಿನಡಿ ಉಸಿರಾಟ, ಇಂಥವು. ಆರಿಸುವಾಗ ಇವನ್ನೇ ನೋಡಿ. ಅದೇ ಸರಣಿಯ 2002ರ ಮೊರೋವಿಂಡ್ ಇಷ್ಟು ಉದಾರಿಯಾಗಿರಲಿಲ್ಲ. ಅಲ್ಲಿ ಆರ್ಗೋನಿಯನ್ ಮತ್ತು ಬೆಕ್ಕಿನಂಥ ಖಜೀಟ್‌ಗೆ ಬೂಟು ಹಾಕಲು ಬರುವುದಿಲ್ಲ, ಮುಖ ಮುಚ್ಚುವ ಶಿರಸ್ತ್ರಾಣವೂ ಇಲ್ಲ. ಮಂತ್ರದ ಬೂಟು ಸಿಕ್ಕಿದ ದಿನ ಹೊಟ್ಟೆ ಉರಿಯುತ್ತದೆ.

2009ರ ಡ್ರ್ಯಾಗನ್ ಏಜ್: ಒರಿಜಿನ್ಸ್‌ನಲ್ಲಿ ಡ್ವಾರ್ಫ್ ಮಾಂತ್ರಿಕನಾಗಲು ಸಾಧ್ಯವೇ ಇಲ್ಲ. ಆದರೆ ಡ್ವಾರ್ಫ್ ಆದರೆ ಶುರುವಿನ ಅಧ್ಯಾಯವೇ ಬೇರೆ. ನನ್ನ ಮೆಚ್ಚಿನದು 2017ರ ಡಿವಿನಿಟಿ: ಒರಿಜಿನಲ್ ಸಿನ್ 2. ಅಲ್ಲಿ ಎಲ್ಫ್ ಹೆಣದ ಮಾಂಸ ತಿಂದು ಸತ್ತವರ ನೆನಪು ಪಡೆಯುತ್ತಾನೆ. ಸತ್ತು ಎದ್ದ ಪಾತ್ರ ಆಡಿದರೆ ವಿಷ ನಿಮಗೆ ಔಷಧಿ, ಔಷಧಿಯೇ ವಿಷ. ಬೆರಳ ಮೂಳೆಯಿಂದ ಬೀಗ ತೆಗೆಯಬಹುದು, ಆದರೆ ಮುಖ ಮುಚ್ಚದೆ ಓಡಾಡಿದರೆ ಜನ ಮೈಮೇಲೆ ಬೀಳುತ್ತಾರೆ. ದೇಹ ಬದಲಾದರೆ ಆಟ ಬದಲಾಗಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಗೆಳೆಯರ ಜೊತೆ ಆನ್‌ಲೈನ್ ಆಡುವುದಾದರೆ ಇನ್ನೊಂದು ತೊಡಕು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರಲ್ಲಿ ಶುರುವಾದಾಗ 8 ರೇಸ್ ಇದ್ದವು. ಎರಡು ಎದುರಾಳಿ ಬಣಗಳು: ಅಲಯನ್ಸ್‌ಗೆ ನಾಲ್ಕು, ಹೋರ್ಡ್‌ಗೆ ನಾಲ್ಕು. ನೀವು ಆರ್ಕ್, ಗೆಳತಿ ನೋಮ್ ಆದರೆ ಒಂದೇ ಗುಂಪಿನಲ್ಲಿ ಆಡುವಂತಿರಲಿಲ್ಲ. 2022ರಲ್ಲಿ ಈ ಗೋಡೆ ಸ್ವಲ್ಪ ಸಡಿಲವಾಯಿತು. ಇಂಥ ಆಟಗಳಲ್ಲಿ ಪಾತ್ರ ಮಾಡುವ ಮೊದಲು ಒಂದು ಫೋನ್ ಮಾಡಿ ಕೇಳಿಬಿಡಿ.

ಕೊನೆಯ ಹಂತ: ಆಡಿ ನೋಡಿ, ಚೀಟಿ ಬರೆದಿಡಿ

ಎರಡು ರೇಸ್‌ಗಳ ನಡುವೆ ಮನಸ್ಸು ಓಲಾಡುತ್ತಿದ್ದರೆ ಪಾತ್ರದ ಬಾಯಲ್ಲಿ ಮೂರು ಸಾಲು ಜೋರಾಗಿ ಹೇಳಿ ನೋಡಿ. ಯಾವುದರ ದನಿ ಸಲೀಸಾಗಿ ಬರುತ್ತದೋ ಅದು ನಿಮ್ಮದು. ಎರಡು ಮೂರು ವಾರ ಆಡಿದ ಮೇಲೂ ಹೊಂದದಿದ್ದರೆ ಡಿಎಂಗೆ ಹೇಳಿ, ಹೆಚ್ಚಿನವರು ಬದಲಾಯಿಸಲು ಬಿಡುತ್ತಾರೆ. ನನ್ನ ಡ್ರೌ ಐದನೇ ವಾರ ಒಂದು ಬಂದರಿನಲ್ಲಿ ಇಳಿದುಹೋದ. ಅವನ ಜಾಗಕ್ಕೆ ಹಡಗು ಹತ್ತಿದ್ದು ಈಜು ಬಾರದ ಒಬ್ಬ ಡ್ವಾರ್ಫ್. ಕಂಪ್ಯೂಟರ್ ಆಟದಲ್ಲಿ ಮೊದಲ ಒಂದೆರಡು ಗಂಟೆ ಬರೀ ಪರೀಕ್ಷೆ ಅಂದುಕೊಳ್ಳಿ, ಬೇಕಾದರೆ ಅಳಿಸಿ ಮತ್ತೆ ಶುರು ಮಾಡಿ.

ಆರಿಸಿದ ಮೇಲೆ ರೇಸ್‌ನ ವಿಶೇಷ ಗುಣಗಳನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ದಾಳದ ಪಕ್ಕ ಇಟ್ಟುಕೊಳ್ಳಿ. ಕ್ಯಾರೆಕ್ಟರ್ ಶೀಟಿನ ಮೂಲೆಯಲ್ಲಿ ಬರೆದದ್ದು ಹೊಡೆದಾಟದ ಬಿಸಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬ ಹಾಫ್-ಆರ್ಕ್ ಆಡುತ್ತಿದ್ದ. ಒಂದು ರಾತ್ರಿ ಅವನ ಪಾತ್ರ ಸೊನ್ನೆಗೆ ಬಿತ್ತು, ಸಾವಿನಿಂದ ಪಾರಾಗಲು ಎಸೆದ ಮೂರು ಎಸೆತಗಳೂ ಕೆಟ್ಟವು, ಸತ್ತುಹೋಯಿತು. ನಾವೆಲ್ಲ ಬೇಜಾರಿನಲ್ಲೇ ಎದ್ದೆವು. ಮಧ್ಯರಾತ್ರಿ ಒಂದು ಗಂಟೆಗೆ ಫೋನ್ ಬಂತು: "ಲೋ, ನಾನು ಬೀಳಲೇಬೇಕಾಗಿರಲಿಲ್ಲ ಕಣೋ!"